'ಕನ್ನಡ ಬ್ಯಾಚ್': ರಿಯಾಲಿಟಿ ಸ್ಪರ್ಧೆಗಳಲ್ಲಿ ಗುರುತಿನ ಲೆಕ್ಕಾಚಾರ



2024ರ ಡಿಸೆಂಬರ್ 15ರ ಭಾನುವಾರ ರಾತ್ರಿ ನಮ್ಮ ಇದೇ ಹೈದರಾಬಾದಿನ ಅನ್ನಪೂರ್ಣ ಸ್ಟುಡಿಯೋದಲ್ಲಿ ತೆಲುಗು ಬಿಗ್ ಬಾಸ್‌ನ ಎಂಟನೆಯ ಸೀಸನ್ ಮುಗಿಯಿತು. ನಾಗಾರ್ಜುನರ ನಿರೂಪಣೆ, ಅತಿಥಿಯಾಗಿ ರಾಮ್ ಚರಣ್, 55 ಲಕ್ಷ ರೂಪಾಯಿ ಬಹುಮಾನ. ಗೆದ್ದವರು ಮೈಸೂರಿನ ಹುಡುಗ ನಿಖಿಲ್ ಮಳಿಯಕ್ಕಲ್. ಎರಡನೆಯವರು ಗೌತಮ್ ಕೃಷ್ಣ, ಮೂರನೆಯವರು ವರಂಗಲ್ಲಿನ ನಬೀಲ್ ಅಫ್ರಿದಿ. ಕನ್ನಡದ ಸುದ್ದಿಗಳಲ್ಲಿ 'ತೆಲುಗು ಬಿಗ್ ಬಾಸ್ ಗೆದ್ದ ಕನ್ನಡಿಗ' ಎಂಬ ಸಂಭ್ರಮ. ತೆಲುಗಿನ ಸಾಮಾಜಿಕ ಮಾಧ್ಯಮಗಳ ಒಂದು ಪಾಲಿನಲ್ಲಿ ತೆಲುಗರ ವೇದಿಕೆಯಲ್ಲೇ ತೆಲುಗರಿಗೆ ಗೆಲುವಿಲ್ಲವಲ್ಲ ಎಂಬ ಕೊರಗು. ಹಿಗ್ಗಿದವರೂ ಕೊರಗಿದವರೂ ಹಾಕಿದ ಲೆಕ್ಕ ಒಂದೇ: ಗೆದ್ದವನು ಯಾರವನು? ಹೇಗೆ ಆಡಿದ ಎಂದು ಕೇಳಿದವರು ಕಡಿಮೆ.

ದತ್ತಿ ಉಪನ್ಯಾಸಕ್ಕೆ ಇಂಥ ವಿಷಯವೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಹೊರನಾಡಿನಲ್ಲಿ ಬಾಳುವ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ವಿಷಯ ನನಗೆ ತೋರಲಿಲ್ಲ. ಬೇರೆಯವರ ಮನೆಯಲ್ಲಿ ಅಲ್ಪಸಂಖ್ಯಾತರಾಗಿ ಬದುಕುವುದು ಹೇಗೆ, ನಮ್ಮ ಮನೆಯಲ್ಲಿ ಅಲ್ಪಸಂಖ್ಯಾತರಾಗಿರುವವರನ್ನು ನಾವು ನಡೆಸಿಕೊಳ್ಳುವುದು ಹೇಗೆ ಎಂಬ ಎರಡೂ ಪ್ರಶ್ನೆಗಳು ಈಗ ಪ್ರತಿ ರಾತ್ರಿ ನಮ್ಮ ನಡುಮನೆಗೆ ಬರುತ್ತಿವೆ. ಕೋಟಿಗಟ್ಟಲೆ ಜನ ಅವಕ್ಕೆ ಮೊಬೈಲಿನಲ್ಲಿ ಉತ್ತರ ಒತ್ತುತ್ತಿದ್ದಾರೆ.

ಆ ಸೀಸನ್ನಿನಲ್ಲಿ ಕನ್ನಡದ ನಂಟಿದ್ದ ನಾಲ್ವರಿದ್ದರು: ನಿಖಿಲ್, ಯಶ್ಮಿ ಗೌಡ, ಪೃಥ್ವಿರಾಜ್ ಶೆಟ್ಟಿ, ಪ್ರೇರಣಾ ಕಂಬಂ. ತೆಲುಗು ಧಾರಾವಾಹಿಗಳಿಂದ ಹೆಸರಾದವರು. ಕೆಲವೇ ವಾರಗಳಲ್ಲಿ ಅವರಿಗೆ 'ಕನ್ನಡ ಬ್ಯಾಚ್' ಎಂಬ ಹೆಸರು ಬಿತ್ತು. ಅದು ಬಿದ್ದದ್ದು ಹೇಗೆಂದು ನೋಡಬೇಕು. ಬಿಗ್ ಬಾಸ್ ಆಟದಲ್ಲಿ ವಾರಕ್ಕೊಮ್ಮೆ ನಾಮಿನೇಷನ್ ನಡೆಯುತ್ತದೆ. ಪ್ರತಿಯೊಬ್ಬರೂ ಹೊರಗೆ ಕಳಿಸಲು ಜೊತೆಗಾರರ ಹೆಸರು ಹೇಳಿ ಕಾರಣ ಕೊಡಬೇಕು. ಕಾರಣ ಸಿಗದಿದ್ದರೂ ಕೊಡಲೇಬೇಕು. ಪರ ಊರಿಗೆ ಬಂದವರು ತಮ್ಮ ಭಾಷೆ ಬಲ್ಲವರ ಪಕ್ಕ ಕೂತು ಊಟ ಮಾಡುವುದು ಕಾಚಿಗುಡದಲ್ಲಾಗಲಿ ಕ್ಯಾಲಿಫೋರ್ನಿಯಾದಲ್ಲಾಗಲಿ ಸಹಜ. ಆ ಮನೆಯಲ್ಲಿ ಅದೇ 'ಗುಂಪಾಟ' ಎಂಬ ಕಾರಣವಾಗುತ್ತದೆ. ತೆಲುಗಿನ ಇಬ್ಬರು ಗೆಳೆಯರಾದರೆ ಗೆಳೆತನ, ಕನ್ನಡದ ಇಬ್ಬರು ಗೆಳೆಯರಾದರೆ ಬ್ಯಾಚ್. ಸಾಲದ್ದಕ್ಕೆ ಸೀಸನ್ನಿನ ನಡುವೆ ಹಿಂದಿನ ಸೀಸನ್‌ಗಳ ಸ್ಪರ್ಧಿಗಳನ್ನು ವೈಲ್ಡ್ ಕಾರ್ಡ್ ಆಗಿ ತಂದು, 'ರಾಯಲ್ಸ್' ಎಂದು ಕರೆದು, ಮೊದಲಿಂದ ಇದ್ದವರ ಎದುರು ತಂಡವಾಗಿ ನಿಲ್ಲಿಸಿದರು. ಗೌತಮ್ ಆ ತಂಡದವರು, ಕನ್ನಡದ ನಾಲ್ವರೂ ಈ ಕಡೆಯವರು. ಮನಸ್ಸಿನಲ್ಲಿದ್ದ ಗೆರೆಯನ್ನು ನೆಲದ ಮೇಲೂ ಎಳೆದಂತಾಯಿತು.

ಇದರ ಮೇಲೆ ಸಂಕಲನ ಬೇರೆ. ಇಪ್ಪತ್ತನಾಲ್ಕು ಗಂಟೆಯ ಚಿತ್ರೀಕರಣ ಸಂಜೆಗೆ ಸುಮಾರು ಒಂದು ಗಂಟೆಯ ಕಂತಾಗುತ್ತದೆ. ಉಳಿದ ಇಪ್ಪತ್ಮೂರು ಗಂಟೆಯಲ್ಲಿ ಆ ನಾಲ್ವರು ಬೇರೆ ಯಾರ ಜೊತೆ ನಕ್ಕರು, ಅತ್ತರು ಎಂಬುದು ಆ ಕಂತಿನಲ್ಲಿ ನಮಗೆ ಕಾಣುವುದಿಲ್ಲ. ಒಂದು ಹೆಸರು ಒಮ್ಮೆ ಅಂಟಿದ ಮೇಲೆ ಆ ಹೆಸರಿಗೆ ಹೊಂದುವ ತುಣುಕು ಉಳಿಯುತ್ತದೆ, ಹೊಂದದ್ದು ಹೋಗುತ್ತದೆ. ಸಂಕಲನಕಾರ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಕಥೆ ಬೇಕು ಎಂಬ ಒತ್ತಡ ಅವನ ಮೇಲಿದೆ, ಮತ್ತು ನಮ್ಮ ಸಮಾಜದಲ್ಲಿ ಸಿದ್ಧವಾಗಿ ಸಿಗುವ ಕಥೆ 'ನಮ್ಮವರು–ಹೊರಗಿನವರು' ಎಂಬುದೇ.

ಹೈದರಾಬಾದಿಗಂತೂ ಈ ಕಥೆ ಹಳೆಯದು. ನಿಜಾಮರ ಕಾಲದಲ್ಲೇ ಸರ್ಕಾರಿ ನೌಕರಿಗೆ ಮುಲ್ಕಿ ನಿಯಮವಿತ್ತು. ಹದಿನೈದು ವರ್ಷ ಸಂಸ್ಥಾನದಲ್ಲಿ ನೆಲೆಸಿದವನು ಮುಲ್ಕಿ, ಉಳಿದವನು ಗೈರ್ ಮುಲ್ಕಿ. ಬೀದರ, ಕಲಬುರಗಿ, ರಾಯಚೂರು ಸಂಸ್ಥಾನದ ಕನ್ನಡ ಜಿಲ್ಲೆಗಳಾಗಿದ್ದವು. ಅಂದರೆ ಇಲ್ಲಿ ಕೂತಿರುವ ಅನೇಕರ ಅಜ್ಜಂದಿರು ಈ ನಗರದಲ್ಲಿ ಮುಲ್ಕಿಗಳು. ಕರಾವಳಿ ಆಂಧ್ರದಿಂದ ಬಂದ ತೆಲುಗರು ಗೈರ್ ಮುಲ್ಕಿಗಳು. 1952ರ ಸೆಪ್ಟೆಂಬರಿನಲ್ಲಿ ಮುಲ್ಕಿ ಚಳವಳಿ ಸಿಟಿ ಕಾಲೇಜಿನ ಬಳಿ ಗೋಲಿಬಾರ್‌ವರೆಗೆ ಹೋಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಯಿತು. ಮನೆ ಬದಲಿಸದೆಯೇ ನಮ್ಮವರು ಹೊರನಾಡ ಕನ್ನಡಿಗರಾದರು. 1969ರಲ್ಲಿ ಮತ್ತೆ ತೆಲಂಗಾಣದ ಕೂಗು, 2014ರಲ್ಲಿ ತೆಲಂಗಾಣ ರಾಜ್ಯ. ಸ್ಥಳೀಯ ಯಾರು, ಹೊರಗಿನವ ಯಾರು ಎಂಬ ಪಟ್ಟಿ ಈ ನಗರದಲ್ಲಿ ಒಂದೇ ಜೀವಮಾನದೊಳಗೆ ಎಷ್ಟೋ ಸಲ ತಿದ್ದುಪಡಿಯಾಗಿದೆ. ಹೀಗಾಗಿ 'ತೆಲುಗು ಶೋಗೆ ತೆಲುಗರೇ' ಎಂಬ ಘೋಷಣೆಯನ್ನು ಬರೀ ಅಭಿಮಾನಿಗಳ ಕೂಗೆಂದು ತಳ್ಳಿಹಾಕಲಾರೆ. ಅದರ ಹಿಂದೆ ನೌಕರಿಯ ಪ್ರಶ್ನೆ ಇದೆ. ತೆಲುಗು ಧಾರಾವಾಹಿಗಳಲ್ಲಿ ಬೆಂಗಳೂರು, ಮೈಸೂರಿನಿಂದ ಬಂದ ನಟನಟಿಯರು ತುಂಬಿದ್ದಾರೆ. ಎಷ್ಟೋ ಜನರ ಮುಖಕ್ಕೆ ಧ್ವನಿ ತೆಲುಗು ಡಬ್ಬಿಂಗ್ ಕಲಾವಿದರದು. ಸ್ಥಳೀಯ ಕಲಾವಿದರು ತಮಗೆ ಅವಕಾಶ ಎಲ್ಲಿ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನಾವು ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ಬಾಗಿಲು ಹಾಕಿದ್ದೂ ಇದೇ ಕಾರಣ ಹೇಳಿ. ಆ ತಡೆ ಸರಿಯಲ್ಲವೆಂದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ನಮ್ಮ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. ಆದರೆ ನೌಕರಿಯ ಪ್ರಶ್ನೆಯನ್ನು ವಾಹಿನಿಯ ಮಾಲೀಕರ ಮುಂದೆ ಇಡಬೇಕು. ಅದನ್ನು ಒಬ್ಬ ಯುವಕನ ಗೆಲುವು ಸೋಲಿನ ಮೇಲೆ ಹೇರಿದಾಗ, ಉತ್ತರ ಕೊಡಬೇಕಾದವರು ತಪ್ಪಿಸಿಕೊಳ್ಳುತ್ತಾರೆ.

ತೆಲುಗು ಮಾತಾಡುವವರೆಲ್ಲ ಆ ಮನೆಯಲ್ಲಿ ಬಹುಸಂಖ್ಯಾತರೆಂದೂ ತಿಳಿಯಬಾರದು. ತೆಲಂಗಾಣದ ಆಡುಮಾತು ತೆಲುಗು ಸಿನಿಮಾದಲ್ಲಿ ಬಹುಕಾಲ ಖಳನಾಯಕನಿಗೂ ಹಾಸ್ಯಗಾರನಿಗೂ ಮೀಸಲಾಗಿತ್ತು. 2019ರಲ್ಲಿ ಹಳೇ ಹೈದರಾಬಾದಿನ ಮಾತನ್ನೇ ಆಡುತ್ತ ಗಾಯಕ ರಾಹುಲ್ ಸಿಪ್ಲಿಗಂಜ್ ತೆಲುಗು ಬಿಗ್ ಬಾಸ್ ಗೆದ್ದರು. ಮುಂದೆ 'ನಾಟು ನಾಟು' ಹಾಡಿ ಆಸ್ಕರ್ ವೇದಿಕೆ ಏರಿದವರು ಅವರೇ. 2020ರಲ್ಲಿ ಜಗಿತ್ಯಾಲ ಜಿಲ್ಲೆಯ ಲಂಬಾಡಿಪಲ್ಲಿಯ ಗಂಗವ್ವ ಬಂದರು, ಹೊಲದಲ್ಲಿ ದುಡಿದು ಬಾಳಿದ ಹಿರಿಯ ಹೆಂಗಸು. ಟಿವಿಯಲ್ಲಿ ಅಂಥ ಮುಖ ಕಂಡಾಗ ನಮ್ಮ ಬೀದರ ಕಲಬುರಗಿ ಕಡೆಯ ಅವ್ವಂದಿರನ್ನೇ ಕಂಡ ಹಾಗಾಯಿತು ಎಂದು ನನ್ನೊಂದಿಗೆ ಹೇಳಿಕೊಂಡವರಿದ್ದಾರೆ. ಅದು ಪ್ರಾತಿನಿಧ್ಯದ ಒಳ್ಳೆಯ ಮುಖ. 2023ರಲ್ಲಿ ಇನ್ನೊಂದು ಮುಖ ಕಂಡಿತು. ಸಿದ್ದಿಪೇಟೆ ಜಿಲ್ಲೆಯ ಪಲ್ಲವಿ ಪ್ರಶಾಂತ್ 'ರೈತು ಬಿಡ್ಡ', ಅಂದರೆ ರೈತನ ಮಗ, ಎಂಬ ಗುರುತಿನಲ್ಲೇ ಬಂದು ಗೆದ್ದರು. ಡಿಸೆಂಬರ್ 17ರ ಆ ರಾತ್ರಿ ಸ್ಟುಡಿಯೋ ಹೊರಗೆ ಅಭಿಮಾನಿಗಳ ಗಲಾಟೆಯಲ್ಲಿ ಎರಡನೆಯ ಸ್ಥಾನ ಪಡೆದ ಅನಂತಪುರದ ಅಮರ್‌ದೀಪ್ ಚೌಧರಿಯವರ ಕಾರಿನ ಮೇಲೆ ದಾಳಿಯಾಯಿತು, ಸಾರಿಗೆ ಸಂಸ್ಥೆಯ ಬಸ್ಸುಗಳ ಗಾಜು ಒಡೆದವು, ಗೆದ್ದವರೇ ಕೆಲವು ದಿನ ಜೈಲಿನಲ್ಲಿ ಇರಬೇಕಾಯಿತು. ಒಬ್ಬ ಸ್ಪರ್ಧಿಯನ್ನು ಒಂದು ವರ್ಗದ, ಒಂದು ಪ್ರಾಂತದ ಬಾವುಟವಾಗಿ ಮೂರು ತಿಂಗಳು ಬೀಸಿದ ಮೇಲೆ ಜನ ಬೀದಿಗೆ ಬಂದದ್ದು ಆಶ್ಚರ್ಯವಲ್ಲ.

ಇನ್ನು ಹೈದರಾಬಾದ್ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಶೇ. 43ರಷ್ಟು ಮುಸ್ಲಿಮರಿದ್ದಾರೆ. ಇದೇ ನಗರದಲ್ಲಿ ನಡೆಯುವ ಆಟದಲ್ಲಿ ಸೀಸನ್ನಿಗೆ ಒಬ್ಬಿಬ್ಬರು. ನಬೀಲ್ ಅಫ್ರಿದಿ ಮೂರನೆಯ ಸ್ಥಾನಕ್ಕೆ ಬಂದದ್ದನ್ನು ಕನ್ನಡ–ತೆಲುಗು ಜಗಳದಲ್ಲಿ ಮುಳುಗಿದ್ದ ಯಾರೂ ಸರಿಯಾಗಿ ಗಮನಿಸಲೇ ಇಲ್ಲ.

ಜಗತ್ತಿನ ಕಡೆ ಒಂದಿಷ್ಟು ನೋಡೋಣ. ಬಣ್ಣದ ಪ್ರಶ್ನೆಯನ್ನು ರಿಯಾಲಿಟಿ ಟಿವಿಯಲ್ಲಿ ಲೋಕವೆಲ್ಲ ಚರ್ಚಿಸಿದ್ದು ಮಂಗಳೂರಿನಲ್ಲಿ ಹುಟ್ಟಿದ ತುಳುವ ಹೆಣ್ಣುಮಗಳೊಬ್ಬರ ಕಾರಣದಿಂದ ಎಂಬುದನ್ನು ನಾವು ಮರೆಯಬಾರದು. 2007ರ ಜನವರಿಯಲ್ಲಿ ಬ್ರಿಟನ್ನಿನ ಸೆಲೆಬ್ರಿಟಿ ಬಿಗ್ ಬ್ರದರ್ ಮನೆಯೊಳಗೆ ಶಿಲ್ಪಾ ಶೆಟ್ಟಿಯವರ ಹೆಸರನ್ನು, ಉಚ್ಚಾರಣೆಯನ್ನು, ಅವರು ಮಾಡಿದ ಅಡುಗೆಯನ್ನು ಸಹಸ್ಪರ್ಧಿಗಳು ಹಂಗಿಸಿದರು. ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ಗೆ 44,000ಕ್ಕೂ ಹೆಚ್ಚು ದೂರು ಬಂದವು, ಪ್ರಾಯೋಜಕ ಕಂಪನಿ ಹಿಂದೆ ಸರಿಯಿತು. ಅದೇ ವಾರ ಬೆಂಗಳೂರಿಗೆ ಬಂದಿದ್ದ ಬ್ರಿಟನ್ನಿನ ಹಣಕಾಸು ಮಂತ್ರಿ ಗಾರ್ಡನ್ ಬ್ರೌನ್ ತಮ್ಮ ದೇಶದ ಸಹಿಷ್ಣುತೆಯ ಬಗ್ಗೆ ವಿವರಣೆ ಕೊಡಬೇಕಾಯಿತು. ಶಿಲ್ಪಾ ಶೇ. 63 ಮತ ಪಡೆದು ಗೆದ್ದರು. ಆ ಮತ ಹಾಕಿದವರು ಬ್ರಿಟನ್ನಿನ ವೀಕ್ಷಕರು. ಮೇ ತಿಂಗಳಲ್ಲಿ ಆಫ್‌ಕಾಮ್ ಚಾನೆಲ್ 4ನ್ನು ತಪ್ಪಿತಸ್ಥ ಎಂದಿತು, ತೀರ್ಪನ್ನು ಅದೇ ವಾಹಿನಿಯಲ್ಲೇ ಓದಿಸಿತು. ಹಂಗಿಸಿದ ಜೇಡ್ ಗುಡಿಯವರನ್ನು ಬೈದು ಸುಮ್ಮನಾಗದೆ, ಹಂಗಿಸಿದ್ದನ್ನು ಮನರಂಜನೆಯಾಗಿ ಬಿತ್ತರಿಸಿದ ಸಂಸ್ಥೆಯ ಹೊಣೆಯನ್ನು ಹೇಳಿದ್ದು ಅಲ್ಲಿಯ ಪಾಠ.

ಅದಕ್ಕೂ ಮೊದಲೇ, 2006ರಲ್ಲಿ, ಅಮೆರಿಕದ 'ಸರ್ವೈವರ್' ಇಪ್ಪತ್ತು ಸ್ಪರ್ಧಿಗಳನ್ನು ಕಪ್ಪು, ಬಿಳಿ, ಹಿಸ್ಪಾನಿಕ್, ಏಷ್ಯನ್ ಎಂದು ನಾಲ್ಕು ತಂಡ ಮಾಡಿ ಕುಕ್ ದ್ವೀಪಗಳಲ್ಲಿ ಆಡಿಸಿತ್ತು. ಟೀಕೆ ಜೋರಾಯಿತು, ಎರಡೇ ಕಂತಿನಲ್ಲಿ ಆ ವಿಂಗಡಣೆ ಮುಗಿಯಿತು. 2020ರ ನವೆಂಬರಿನಲ್ಲಿ ಸಿಬಿಎಸ್ ವಾಹಿನಿ ತನ್ನ ರಿಯಾಲಿಟಿ ಶೋಗಳಲ್ಲಿ ಅರ್ಧದಷ್ಟು ಸ್ಪರ್ಧಿಗಳು ಬಿಳಿಯರಲ್ಲದವರಿರಬೇಕು ಎಂದು ಘೋಷಿಸಿತು. ಸಂಖ್ಯೆ ಬಂತು. ಸಂಕಟ ಹೋಗಲಿಲ್ಲ. 2022ರಲ್ಲಿ 'ಸರ್ವೈವರ್'ನ 42ನೆಯ ಸೀಸನ್ನಿನ ಒಂದು ರಾತ್ರಿ ಸ್ಪರ್ಧಿ ಡ್ರಿಯಾ ವೀಲರ್ ಒಬ್ಬರನ್ನು ಹೊರಹಾಕುವ ಸಭೆಗೆ ಬಂದು ನೋಡಿದರೆ ಹೊರಹೋದವರ ಬೆಂಚಿನಲ್ಲಿ ಕೂತಿದ್ದ ಇಬ್ಬರೂ ಕಪ್ಪು ಜನ. ಆಟದಲ್ಲಿ ಯಾರೂ ಬೇಕೆಂದು ಹಾಗೆ ಮಾಡಿದ್ದಲ್ಲ ಎಂದು ಆಕೆಗೂ ಗೊತ್ತಿತ್ತು. ಆದರೂ ತಾನು ಮೂರನೆಯವಳಾಗಿ ಅಲ್ಲಿ ಕೂರಲಾರೆ ಎಂದು ಆಕೆ, ಜೊತೆಗೆ ಮರಿಯಾನ್ ಒಕೆಚ್, ತಮ್ಮ ಬಳಿಯಿದ್ದ ರಕ್ಷಣೆಯ ಗುರುತನ್ನು ಬಳಸಿ ಉಳಿದುಕೊಂಡರು. ಜೊತೆಗಾರ ಜೊನಾಥನ್ ತನ್ನನ್ನು ಜನಾಂಗದ್ವೇಷಿ ಎಂದರೆಂದು ನೊಂದುಕೊಂಡ. ಹಾಗೆ ಯಾರೂ ಅಂದಿರಲಿಲ್ಲ. ಆ ಸೀಸನ್ ಗೆದ್ದದ್ದು ಮರಿಯಾನ್. ನನ್ನ ಮನಸ್ಸಿಗೆ ತಾಕಿದ್ದು ಇಷ್ಟು: ಆ ಇಬ್ಬರಿಗೆ ಆ ರಾತ್ರಿ ತಮ್ಮೊಬ್ಬರ ಆಟ ಆಡುವ ಸ್ವಾತಂತ್ರ್ಯವಿರಲಿಲ್ಲ. ಸೋತರೆ ಒಂದು ಜನಾಂಗ ಸೋತಂತೆ ಕಾಣುತ್ತಿತ್ತು. ಬಹುಸಂಖ್ಯಾತನಿಗೆ ತನ್ನ ಪಾಡಿಗೆ ತಾನು ಸೋಲುವ ಹಕ್ಕು ಹುಟ್ಟಿನಿಂದಲೇ ಇದೆ. ಅಲ್ಪಸಂಖ್ಯಾತನಿಗೆ ಅದೂ ಸಿಕ್ಕಾಗ ಮಾತ್ರ ನಾನು ಪ್ರಾತಿನಿಧ್ಯ ಸಿಕ್ಕಿತು ಎನ್ನುತ್ತೇನೆ.

ಸಾರ್ವಜನಿಕ ಮತ ಬಂದಾಗ ಇದು ಇನ್ನೂ ಬಿಗಿಯಾಗುತ್ತದೆ. ಅದಕ್ಕೆ 2007ರ ಇಂಡಿಯನ್ ಐಡಲ್‌ಗಿಂತ ದೊಡ್ಡ ಉದಾಹರಣೆ ನಮ್ಮ ದೇಶದಲ್ಲಿಲ್ಲ. ಅದರ ಹಿಂದಿನ ವರ್ಷ ನಮ್ಮ ಹೈದರಾಬಾದಿನ ಕಾರುಣ್ಯ ಅಂತಿಮ ಸುತ್ತಿನಲ್ಲಿ ಬಿಕಾನೇರಿನ ಸಂದೀಪ್ ಆಚಾರ್ಯರ ಎದುರು ಸೋತಾಗ, ಹಿಂದಿ ಸೀಮೆಯ ಎಸ್ಸೆಮ್ಮೆಸ್ ಎದುರು ದಕ್ಷಿಣದವರ ಹಾಡು ನಿಲ್ಲದು ಎಂಬ ಮಾತು ಇಲ್ಲಿ ಮನೆಮನೆಯಲ್ಲಿತ್ತು. 2010ರಲ್ಲಿ ಶ್ರೀರಾಮಚಂದ್ರ ಗೆದ್ದ ಮೇಲೆ ಅದು ತಣ್ಣಗಾಯಿತು. ಆದರೆ 2007ರ ಅಂತಿಮ ಸುತ್ತಿಗೆ ಬಂದವರು ಇಬ್ಬರೂ ದೇಶದ ಅಂಚಿನವರು. ಪ್ರಶಾಂತ್ ತಮಾಂಗ್ ಡಾರ್ಜಿಲಿಂಗ್‌ನ ನೇಪಾಳಿ ಭಾಷಿಕ, ಕೋಲ್ಕತ್ತಾ ಪೊಲೀಸಿನ ಕಾನ್‌ಸ್ಟೆಬಲ್. ಅಮಿತ್ ಪಾಲ್ ಶಿಲ್ಲಾಂಗಿನ ಬಂಗಾಳಿ.

ಡಾರ್ಜಿಲಿಂಗ್ ಬೆಟ್ಟಗಳಲ್ಲಿ ಚಂದಾ ಎತ್ತಿ ಮತ ಕಳಿಸಿದರು. ಸೆಪ್ಟೆಂಬರ್ 23ರಂದು ಪ್ರಶಾಂತ್ ಗೆದ್ದರು. ಬೆನ್ನಿಗೇ ದೆಹಲಿಯ ರೇಡಿಯೋ ನಿರೂಪಕನೊಬ್ಬ ಗೂರ್ಖಾಗಳು ಹಾಡಲು ಹೋದರೆ ಮನೆ ಕಾಯುವವರು ಯಾರು ಎಂಬ ಅರ್ಥದ ಹೀನ ಮಾತಾಡಿದ. 28ರಂದು ಸಿಲಿಗುರಿಯಲ್ಲಿ ಅದರ ವಿರುದ್ಧ ಹೊರಟ ಮೆರವಣಿಗೆ ಗಲಭೆಯಾಗಿ, ಸೇನೆ ಇಳಿಯಿತು. ಪ್ರಶಾಂತ್‌ಗಾಗಿ ಮತ ಸಂಗ್ರಹಿಸಲು ಮುಂದೆ ನಿಂತಿದ್ದ ಬಿಮಲ್ ಗುರುಂಗ್ ಅಕ್ಟೋಬರ್ 7ರಂದು ಗೂರ್ಖಾ ಜನಮುಕ್ತಿ ಮೋರ್ಚಾ ಕಟ್ಟಿದರು. ಎರಡು ದಶಕ ಬೆಟ್ಟವನ್ನು ಆಳಿದ್ದ ಸುಭಾಷ್ ಘೀಸಿಂಗ್ ಮುಂದಿನ ವರ್ಷವೇ ಅಧಿಕಾರ ಬಿಟ್ಟರು. ಹಾಡಿನ ಸ್ಪರ್ಧೆಯೊಂದು ಪಕ್ಷವನ್ನೇ ಹೆತ್ತಿತು.

ಶಿಲ್ಲಾಂಗಿನಲ್ಲಿ ನಡೆದದ್ದು ಬೇರೆ. 1979ರಿಂದ ಆ ಊರು ಖಾಸಿಗಳಿಗೂ ಬಂಗಾಳಿ, ನೇಪಾಳಿಗಳಿಗೂ ನಡುವೆ ಹಲವು ಗಲಭೆ ಕಂಡಿತ್ತು. ಬಂಗಾಳಿ ಅಲ್ಲಿ ಪಕ್ಕಾ 'ಹೊರಗಿನವ'. ಅಂಥ ಊರಿನ ಖಾಸಿ ಹುಡುಗ ಹುಡುಗಿಯರು ಬಂಗಾಳಿ ಅಮಿತನಿಗೆ ಮತ ಹಾಕಿದರು, ಸೋತು ಬಂದವನನ್ನು ಹೊತ್ತು ಮೆರೆಸಿದರು. ಮೇಘಾಲಯ ಸರ್ಕಾರ ಅವನನ್ನು ಶಾಂತಿ, ಸೌಹಾರ್ದದ ರಾಯಭಾರಿ ಎಂದು ಘೋಷಿಸಿತು. ಡಾರ್ಜಿಲಿಂಗ್‌ನವರು ತಮ್ಮವನಿಗೆ ಮತ ಹಾಕಿದ್ದರಲ್ಲಿ ತಪ್ಪಿಲ್ಲ. ಶತಮಾನದ ಅವಮಾನ ಅವರ ಬೆನ್ನಿಗಿತ್ತು. ಆದರೂ ನನಗೆ ದೊಡ್ಡದಾಗಿ ಕಾಣುವುದು ಗೆರೆ ದಾಟಿ ಬಿದ್ದ ಮತ, ತನ್ನವನಲ್ಲದವನನ್ನು ತನ್ನ ಊರಿನವನೆಂದು ಒಪ್ಪಿದ ಮತ.

ಈಗ ನಿಖಿಲ್ ಗೆಲುವನ್ನು ಮತ್ತೆ ನೋಡಿ. ಬರೀ ಕನ್ನಡಿಗರ ಮತದಿಂದ ತೆಲುಗಿನ ಸ್ಟಾರ್ ಮಾ ವಾಹಿನಿಯ ಸ್ಪರ್ಧೆ ಗೆಲ್ಲಲಾಗದು. 'ಗೋರಿಂಟಾಕು' ಧಾರಾವಾಹಿಯಿಂದ ಅವರನ್ನು ಮನೆಯ ಹುಡುಗನಂತೆ ಕಂಡ ತೆಲುಗು ಹೆಣ್ಣುಮಕ್ಕಳು, ಆಟ ಮೆಚ್ಚಿದ ತೆಲುಗು ಯುವಕರು ಗೆಲ್ಲಿಸಿದ್ದಾರೆ. ನೂರೈದು ದಿನ 'ಹೊರಗಿನವ' ಎಂಬ ಪ್ರಚಾರ ಕೇಳಿಯೂ ಗೆಲ್ಲಿಸಿದ್ದಾರೆ. ಅದು ತೆಲುಗು ವೀಕ್ಷಕರ ಘನತೆಯ ಸುದ್ದಿ. ಕನ್ನಡಿಗ ಗೆದ್ದ ಎಂದು ಬೀಗಿದ ನಾವು ಅದನ್ನು ಅವರ ಕೈಯಿಂದ ಕಸಿದುಕೊಂಡು, 'ಬ್ಯಾಚ್' ಎಂದವರ ಲೆಕ್ಕವೇ ಸರಿ ಎಂದು ರುಜು ಹಾಕಿದೆವು.

ನಮ್ಮ ಮನೆಯ ವಿಷಯ ಹೇಳದೆ ಮುಗಿಸಿದರೆ ಅದು ಅಪ್ರಾಮಾಣಿಕತೆ. 2017ರಲ್ಲಿ ಸಾಗರದ ಸುಹಾನಾ ಸೈಯದ್ ಕನ್ನಡದ ಸರಿಗಮಪ ವೇದಿಕೆಯಲ್ಲಿ ಹಿಂದೂ ಭಕ್ತಿಗೀತೆ ಹಾಡಿದಾಗ ಒಂದು ಕಡೆ ಕೆಲವರು ಆಕೆಯ ಧರ್ಮ ಕೆಟ್ಟಿತೆಂದು ಫೇಸ್‌ಬುಕ್ಕಿನಲ್ಲಿ ಹರಿಹಾಯ್ದರು. ಇನ್ನೊಂದು ಕಡೆ ಸೌಹಾರ್ದದ ಸಂಕೇತವೆಂದು ಮೆರೆಸಿದರು. ಎರಡರ ನಡುವೆ ಆಕೆಯ ಸ್ವರ ಹೇಗಿತ್ತು, ಶ್ರುತಿ ಹೇಗಿತ್ತು ಎಂಬ ಚರ್ಚೆಯೇ ಉಳಿಯಲಿಲ್ಲ. ಹೊಗಳಿಕೆಯೂ ಹೊರೆಯಾಗಬಲ್ಲದು. 2023ರಲ್ಲಿ ಕನ್ನಡ ಬಿಗ್ ಬಾಸ್ ಮನೆಯೊಳಗೆ ಸ್ಪರ್ಧಿಯೊಬ್ಬರು ಜಾತಿಯ ಹೆಸರನ್ನು ಬೈಗುಳದಂತೆ ಬಳಸಿದರೆಂದು ಪರಿಶಿಷ್ಟರ ದೌರ್ಜನ್ಯ ತಡೆ ಕಾಯ್ದೆಯಡಿ ಪ್ರಕರಣ ದಾಖಲಾಯಿತು. ಮಾತು ಬಾಯಿತಪ್ಪಿ ಬಂದಿರಬಹುದು, ವಾದ ಬೇಡ. ಆದರೆ ಅದು ಸಂಕಲನದ ಕೋಣೆ ದಾಟಿ ಪ್ರಸಾರಕ್ಕೆ ಹೋಗುವವರೆಗೆ ಎಷ್ಟು ಜನ ನೋಡಿರಬೇಕು! ಅವರಲ್ಲಿ ಒಬ್ಬರಿಗೂ ಆ ಮಾತು ಚುಚ್ಚಲಿಲ್ಲವೆಂದರೆ, ಆ ಕೋಣೆಯಲ್ಲಿ ಯಾರಿಲ್ಲ ಎಂಬುದು ತಿಳಿಯುತ್ತದೆ.

2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಚಿಲ್ಲೂರು ಬಡ್ನಿಯ ಹನುಮಂತ ಲಮಾಣಿ ಕನ್ನಡ ಬಿಗ್ ಬಾಸ್ ಗೆದ್ದರು. ಐದು ಕೋಟಿಗೂ ಮೀರಿದ ಮತ. ಕುರಿ ಕಾಯುತ್ತಿದ್ದ ಲಂಬಾಣಿ ಹುಡುಗ, ಉತ್ತರ ಕರ್ನಾಟಕದ ಮಾತು, ಲುಂಗಿ ಅಂಗಿ. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಗಡಿಯ ಒಂದು ಕಲ್ಲು ದಾಟಿದರೆ ಸರ್ಕಾರದ ಲೆಕ್ಕದಲ್ಲಿ ಅವರೇ ಬೇರೆ. ಗುರುತು ಎಂಬುದನ್ನು ಕಾಗದ ಎಷ್ಟು ಕೈತಪ್ಪಿ ಬರೆಯಬಲ್ಲದು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ. ಹನುಮಂತನ ಗೆಲುವಿಗೆ ನಾನು ಮನಸಾರೆ ಸಂತೋಷಪಟ್ಟೆ. ಆದರೂ ವಾಹಿನಿ ಅವನಿಗೆ ಕಟ್ಟಿದ್ದ ಪಾತ್ರ 'ಮುಗ್ಧ ಹಳ್ಳಿ ಹುಡುಗ'ನದು. ಅವನು ಲೆಕ್ಕ ಹಾಕಿ, ಎದುರಾಳಿಯ ಮನಸ್ಸು ಓದಿ, ಜಾಣತನದಿಂದ ಆಡಿದ್ದನ್ನು ಎಷ್ಟು ಜನ ಬಾಯಿಬಿಟ್ಟು ಹೇಳಿದರು? ಮೈಸೂರಿನವನು ಜಾಣ, ಹಾವೇರಿಯವನು ಮುಗ್ಧ ಎಂಬ ವಿಂಗಡಣೆಯೂ ವಿಂಗಡಣೆಯೇ. ಕಲಬುರಗಿಯ ಕನ್ನಡವನ್ನು ಧಾರಾವಾಹಿಯ ನಗೆಗೆ ಮಾತ್ರ ಬಳಸುವವರು ತೆಲಂಗಾಣದ ತೆಲುಗಿಗೆ ಆದ ಅನ್ಯಾಯದ ಬಗ್ಗೆ ಏನೂ ಹೇಳುವಂತಿಲ್ಲ.

ಬೇರೆ ಬಗೆಯಲ್ಲಿ ಆಗದೇ? ಆಗಿತ್ತು, ಈ ಊರಿನ ಸಂಸ್ಥೆಯಿಂದಲೇ. 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಶುರುವಾದಾಗ ಅದರ ಬೇರು ರಾಮೋಜಿ ಫಿಲ್ಮ್ ಸಿಟಿಯಲ್ಲಿತ್ತು. ಕನ್ನಡದ ವಾರ್ತೆಗಳು ಇಲ್ಲಿಂದ ಹೋಗುತ್ತಿದ್ದವು, ನೂರಾರು ಕನ್ನಡ ಪತ್ರಕರ್ತರು ಇಲ್ಲಿ ಮನೆ ಮಾಡಿದ್ದರು. ಆ ವಾಹಿನಿಯ 'ಎದೆ ತುಂಬಿ ಹಾಡುವೆನು' ನಡೆಸಿದವರು ನೆಲ್ಲೂರಿನ ಕಡೆಯ ತೆಲುಗರು, ಎಸ್.ಪಿ. ಬಾಲಸುಬ್ರಹ್ಮಣ್ಯಂ. ಅಲ್ಲಿ ನಿರ್ಣಾಯಕವಾದದ್ದು ತೀರ್ಪುಗಾರರ ಅಂಕ. ತಪ್ಪು ಹಾಡಿದ ಮಗುವಿಗೆ ಎಸ್‌ಪಿಬಿ ಆ ಸಾಲನ್ನು ತಾವೇ ಹಾಡಿ ತೋರಿಸುತ್ತಿದ್ದರು. ಯಾವ ಜಿಲ್ಲೆ, ಯಾವ ಜಾತಿ ಎಂಬ ಕಣ್ಣೀರಿನ ಕಿರುಚಿತ್ರ ಅಲ್ಲಿ ಬೇಕಾಗಿರಲಿಲ್ಲ. ಕನ್ನಡದ ಮಕ್ಕಳ ಕನ್ನಡವನ್ನು ಒಬ್ಬ ತೆಲುಗರು ತಿದ್ದಿದರೆಂದು ಯಾರೂ ನೊಂದುಕೊಳ್ಳಲಿಲ್ಲ. ತೀರ್ಪುಗಾರರಿಗೂ ಪಕ್ಷಪಾತವಿರುತ್ತದೆ ಎಂಬುದು ಗೊತ್ತು, ಮತದಾನ ನಿಲ್ಲಿಸಿ ಎಂದೂ ನಾನು ಹೇಳುವುದಿಲ್ಲ. ಮತ ಇರುವವರೆಗೆ ಅದರ ಲೆಕ್ಕವನ್ನು ಬಹಿರಂಗಪಡಿಸಲಿ. ವಾರವಾರದ ಮತ ಎಷ್ಟು, ಯಾವ ರಾಜ್ಯದಿಂದ ಎಷ್ಟು ಎಂದು ವಾಹಿನಿ ಪ್ರಕಟಿಸಿದರೆ ಊಹೆಯ ಮೇಲೆ ಬೆಳೆದ ದ್ವೇಷದ ಅರ್ಧ ಭಾಗ ಉಸಿರುಗಟ್ಟುತ್ತದೆ. ತಾಯ್ನುಡಿ, ಊರು, ಜಾತಿಗಳನ್ನು ನಾಮಿನೇಷನ್ನಿಗೆ ಕಾರಣವಾಗಿ ಕೊಡುವಂತಿಲ್ಲ ಎಂಬ ಒಂದು ನಿಯಮ ಆ ಮನೆಗೆ ಬರಲಿ. ಕೈ ಮಾಡಿದರೆ ಹೊರಹಾಕುವ ನಿಯಮ ಇದೆಯಲ್ಲ, ಅಷ್ಟೇ ಗಟ್ಟಿಯಾಗಿ.

ಈ ಸಭೆಯಲ್ಲಿ ಇರುವ ಯುವಕ ಯುವತಿಯರಲ್ಲಿ ಕೆಲವರಾದರೂ ಇಲ್ಲಿಯ ವಾಹಿನಿಗಳಲ್ಲಿ, ಸ್ಟುಡಿಯೋಗಳಲ್ಲಿ ಸಂಕಲನಕಾರರಾಗಿ, ಬರಹಗಾರರಾಗಿ ದುಡಿಯುತ್ತಿರಬಹುದು. ಪರದೆಯ ಮುಂದಿನವರ ಬಗ್ಗೆ ನಾವು ಇಷ್ಟು ಮಾತಾಡಿದೆವು. ಪರದೆಯ ಹಿಂದೆ ಕೂತವರು ನೀವು. ಇಬ್ಬರು ಕನ್ನಡದಲ್ಲಿ ಎರಡು ಮಾತಾಡಿ ನಕ್ಕ ತುಣುಕು ನಿಮ್ಮ ಮುಂದೆ ಬರುತ್ತದೆ. ಅದೇ ಇಬ್ಬರು ತೆಲುಗಿನ ಗೆಳತಿಗೆ ಜ್ವರ ಬಂದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂತ ತುಣುಕೂ ಬರುತ್ತದೆ. ಒಂದು ಗಂಟೆಯ ಕಂತಿನಲ್ಲಿ ಎರಡಕ್ಕೂ ಜಾಗವಿಲ್ಲ ಎಂದು ಮೇಲಿನವರು ಹೇಳಿದಾಗ, ಯಾವುದನ್ನು ಏಕೆ ತೆಗೆಯುತ್ತಿದ್ದೇವೆ ಎಂದು ಅವರನ್ನು ಕೇಳುವವರು ಆ ಕೋಣೆಯಲ್ಲಿ ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ.